ನಲವತ್ತೆರಡನೆಯ ಫ್ರೇಮು

ಚಿತ್ತಾಪುರ
೨ ಜೂನ್ ೨೦೦೨

ಚಿ. ಲುಂಬಿನಿಗೆ ಪಾಂಡುರಂಗ ಜೋಶಿಯ ಅನೇಕ ಆಶೀರ್ವಾದಗಳು.

ನಾನೂ ನಮ್ಮ ಮನೆಯವರು, ನಿನ್ನ ಸರಸ್ವತಿಬಾಯಿ ಅಮ್ಮನವರೂ ಇಲ್ಲಿ ಕ್ಷೇಮ. ನಿವೃತ್ತನಾಗಿ ನಾಲ್ಕು ವರ್ಷವಾದರೂ ಸೀಮೆಸುಣ್ಣ ಕೈಬಿಟ್ಟಿಲ್ಲ. ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತು ಹೋದ ಮಕ್ಕಳಲ್ಲಿ ಕಟ್ಟಡದ ಒಳಗುಟ್ಟು ಬಲ್ಲವಳು ನೀನೊಬ್ಬಳೇ. ನಾಗಪುರದ ನಿನ್ನ ಪ್ರಯೋಗಾಲಯದಲ್ಲಿ ದಿನವೂ ಕಾಂಕ್ರೀಟು ಒಡೆದು ನೋಡುತ್ತೀಯಲ್ಲ, ಆದ್ದರಿಂದ ಈ ಕಾಗದ.

ಹೋದ ತಿಂಗಳು ಐದನೇ ತಾರೀಖು ಭಾನುವಾರ, ಬೆಳಗಿನ ಹನ್ನೊಂದಕ್ಕೆ, ಶಹಾಬಾದದಲ್ಲಿ ಒಂದು ಹೊಸ ಕಾಂಪ್ಲೆಕ್ಸ್ ಕುಸಿಯಿತು. ಮೂರು ಅಂತಸ್ತು ಮುಗಿದು ನಾಲ್ಕನೆಯದರ ಗೋಡೆ ಏಳುತ್ತಿತ್ತು. ಚಿಂಚೋಳಿ ಕಡೆಯಿಂದ ಕೂಲಿಗೆ ಬಂದಿದ್ದ ಗಂಡ ಹೆಂಡತಿ ಒಳಗೆ ಸಿಕ್ಕು ತೀರಿಕೊಂಡರು. ಆ ಹೊತ್ತಿಗೆ ರಸ್ತೆಯಲ್ಲಿ ಒಂದು ಮದುವೆ ಮೆರವಣಿಗೆ ಹೊರಟಿತ್ತು. ವಿಡಿಯೋ ತೆಗೆಯುತ್ತಿದ್ದ ಖಾಜಾನ ಕ್ಯಾಮೆರಾದಲ್ಲಿ ಕಟ್ಟಡ ಬೀಳುವುದೆಲ್ಲ ಸಿಕ್ಕಿದೆ. ಅವನ ಅಂಗಡಿಯಲ್ಲಿ ಕುಳಿತು ಕ್ಯಾಸೆಟ್ಟನ್ನು ಒಂದೊಂದೇ ಫ್ರೇಮು ನಿಲ್ಲಿಸಿ ಎಣಿಸಿದೆ. ಸೆಕೆಂಡಿಗೆ ಇಪ್ಪತ್ತೈದು ಫ್ರೇಮು. ಛಾವಣಿ ನೆಲ ಸೇರಲು ತೆಗೆದುಕೊಂಡದ್ದು ನಲವತ್ತೆರಡು. ಎತ್ತರ ಹನ್ನೆರಡು ಮೀಟರ್. ಅಷ್ಟು ಎತ್ತರದಿಂದ ಒಂದು ಕಲ್ಲನ್ನು ಸುಮ್ಮನೆ ಬಿಟ್ಟರೆ ಎಷ್ಟು ಫ್ರೇಮು ಬೇಕು, ನೀನೇ ಲೆಕ್ಕ ಹಾಕು. ಮೂವತ್ತೊಂಬತ್ತು. ಉಳಿದ ಮೂರು ಫ್ರೇಮು ನನ್ನ ಕಣ್ಣಿನ ದೋಷ.

ಅಂದರೆ ಆ ಛಾವಣಿ ಗಾಳಿಯಲ್ಲಿ ಬಿದ್ದ ಹಾಗೆ ಬಿದ್ದಿದೆ. ಕೆಳಗಿನ ಅಂತಸ್ತುಗಳು ತಡೆಯಲೇ ಇಲ್ಲ. ಕಂಬಗಳೆಲ್ಲ ಒಂದೇ ಕ್ಷಣದಲ್ಲಿ ಇಲ್ಲವಾಗದೆ ಹೀಗಾಗುವುದಿಲ್ಲ. ಇಲ್ಲವಾಗಿಸುವುದು ಜಿಲೆಟಿನ್ ಸಿಡಿಮದ್ದು ಒಂದೇ. ನನ್ನ ಸೋದರಳಿಯ ಗುಲ್ಬರ್ಗಾದ ಇಂಟರ್ನೆಟ್ ಕೇಂದ್ರದಿಂದ ಹೋದ ಸೆಪ್ಟೆಂಬರಿನಲ್ಲಿ ಬಿದ್ದ ಅಮೆರಿಕದ ಜೋಡಿ ಗೋಪುರಗಳ ಬಗ್ಗೆ ಒಂದು ಕಟ್ಟು ಕಾಗದ ತಂದುಕೊಟ್ಟಿದ್ದಾನೆ. ಅಲ್ಲೂ ಇದೇ ವಾದ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರೂ ನನ್ನ ಲೆಕ್ಕ ಒಪ್ಪಿದ್ದಾರೆ. ಅಲ್ಲಿ ದಿನವೂ ಕೂರುವ ಶೌಕತ ಅಲಿ ಅಂತೂ "ಸರ್, ಅಮೆರಿಕಾದಾಗ ಆಗಿದ್ದು ಶಾಬಾದದಾಗ ಯಾಕ ಆಗಬಾರದ್ರಿ?" ಎಂದು ಎದ್ದು ನಿಂತೇ ಕೇಳಿದ.

ರಾವೂರಿನ ಗಣಿಯಲ್ಲಿ ಸುರಂಗ ಹಾರಿಸುವ, ಅಂದರೆ ಮದ್ದಿಟ್ಟು ಬಂಡೆ ಸಿಡಿಸುವ, ಅಲ್ಲಾವುದ್ದೀನ ಎಂಬವನನ್ನು ಪೊಲೀಸರು ಹಿಡಿದಿದ್ದಾರೆ. ಕಾಂಪ್ಲೆಕ್ಸ್ ಕಟ್ಟುವುದಕ್ಕಾಗಿ ಅವನ ಹೆಂಡತಿಯ ಹೊಲಿಗೆ ಅಂಗಡಿಯನ್ನು ಅಲ್ಲಿಂದ ಎಬ್ಬಿಸಿದ್ದರು. ಆ ದಿನ ಅವನು ಬೀದಿಯಲ್ಲಿ ನಿಂತು ಕೂಗಾಡಿದ್ದನ್ನು ಊರೇ ಕೇಳಿದೆ.

ಫೋನು ಮಾಡಬೇಡ. ಫೋನಿನಲ್ಲಿ ದನಿ ಗೆಲ್ಲುತ್ತದೆ, ಲೆಕ್ಕ ಗೆಲ್ಲುವುದಿಲ್ಲ. ವಿಧಾನ ಸಹಿತ ಬರೆ.

ಪಾಂಡುರಂಗ ಜೋಶಿ


ನಾಗಪುರ
೧೨ ಜೂನ್ ೨೦೦೨

ಪೂಜ್ಯ ಸರ್ ಅವರಿಗೆ ಲುಂಬಿನಿಯ ನಮಸ್ಕಾರಗಳು.

ಹದಿನಾಲ್ಕು ವರ್ಷದ ನಂತರವೂ ನಿಮ್ಮಿಂದ ಪ್ರಶ್ನೆಪತ್ರಿಕೆ ಬಂತಲ್ಲ ಎಂದು ಖುಷಿಯಾಯಿತು. ಆದರೆ ಈ ಸಲ ನಿಮ್ಮ ಉತ್ತರಕ್ಕೆ ನಾನು ಅಂಕ ಕೊಡಲಾರೆ.

ನಮ್ಮಪ್ಪ ಬೇಸಗೆಯಲ್ಲಿ ದಂಡೋತಿಯ ಹೊಲದಲ್ಲಿ ಕೆಲಸವಿಲ್ಲದಾಗ ರಾವೂರಿನ ಗಣಿಗೆ ಕೂಲಿಗೆ ಹೋಗುತ್ತಿದ್ದರು. ನಾನು ಬುತ್ತಿ ಒಯ್ಯುತ್ತಿದ್ದೆ. ನೆಲಕ್ಕೆ ಹಾಸುವ ದೊಡ್ಡ ಫರ್ಶಿ ಕಲ್ಲನ್ನು ನಾಲ್ವರು ನಾಲ್ಕು ಮೂಲೆಗೆ ಹಿಡಿದು ಸಾಗಿಸುವುದನ್ನು ನೋಡಿದ್ದೇನೆ. ಒಂದು ದಿನ ಒಬ್ಬರ ಕೈ ಜಾರಿತು. ಉಳಿದ ಮೂವರೂ ಗಟ್ಟಿಯಾಳುಗಳೇ. ಆದರೂ ಅವರ ಕೈಯಿಂದಲೂ ಕಲ್ಲು ತಪ್ಪಿತು, ಯಾಕೆಂದರೆ ಜಾರಿದವನ ಪಾಲಿನ ಭಾರ ಅವರ ಮೇಲೆ ಮೆಲ್ಲಗೆ ಬರಲಿಲ್ಲ, ಒಮ್ಮೆಗೇ ಬಂತು. ಕಟ್ಟಡದಲ್ಲೂ ಒಂದು ಕಂಬ ಹೋದರೆ ಅದರ ಭಾರ ಪಕ್ಕದ ಕಂಬಗಳಿಗೆ ಹೀಗೇ ಎಗರುತ್ತದೆ. ಅವು ಮೊದಲೇ ಹೆಚ್ಚುವರಿ ಅಂತಸ್ತನ್ನು ಹೊತ್ತಿದ್ದರೆ ಅವೂ ಹೋಗುತ್ತವೆ. ಮುಂದೆ ಮೇಲಿನ ಅಂತಸ್ತು ಕೆಳಗಿನದರ ಮೇಲೆ ಬೀಳುತ್ತದೆ. ಅಂತಸ್ತನ್ನು ಕಟ್ಟುವುದು ನಿಂತ ಭಾರ ಹೊರಲಿಕ್ಕೆ, ಬೀಳುವ ಭಾರ ಹಿಡಿಯಲಿಕ್ಕಲ್ಲ. ಕೈಯಲ್ಲಿ ಇಟ್ಟುಕೊಂಡ ಇಟ್ಟಿಗೆಗೂ ಮಹಡಿಯಿಂದ ಕೈಗೆ ಬಿದ್ದ ಇಟ್ಟಿಗೆಗೂ ಇರುವ ವ್ಯತ್ಯಾಸ ಇದು. ಪಾಠದಲ್ಲಿ ನೀವೇ ಹೇಳಿದ್ದು.

ಇನ್ನು ನಲವತ್ತೆರಡು ಫ್ರೇಮು. ಕೊನೆಯ ಫ್ರೇಮಿನಲ್ಲಿ ಛಾವಣಿ ನೆಲ ಮುಟ್ಟಿದ್ದನ್ನು ನೀವು ಕಂಡಿರೋ, ಅಥವಾ ಅಷ್ಟೊತ್ತಿಗೆ ದೂಳು ತುಂಬಿತ್ತೋ? ಕ್ಯಾಸೆಟ್ಟಿನ ಪ್ರತಿ ಕಳಿಸಿರಿ. ಯಾವುದರಿಂದ ಯಾವುದಕ್ಕೆ ಎಣಿಸಿದಿರಿ ಎಂಬುದು ತಿಳಿಯುವವರೆಗೆ ಒಬ್ಬ ಮನುಷ್ಯನನ್ನು ಅಪರಾಧಿ ಅನ್ನುವುದು ಬೇಡ.

ಅಮ್ಮನವರಿಗೂ ನಿಮ್ಮ ಮಗ ಕೌಸ್ತುಭನಿಗೂ ನನ್ನ ನಮಸ್ಕಾರ ತಿಳಿಸಿರಿ. ಕೌಸ್ತುಭ ಈಗ ಎಲ್ಲಿದ್ದಾನೆ?

ನಿಮ್ಮ ವಿದ್ಯಾರ್ಥಿನಿ
ಲುಂಬಿನಿ


ಚಿತ್ತಾಪುರ
೧ ಜುಲೈ ೨೦೦೨

ಚಿ. ಲುಂಬಿನಿಗೆ ಆಶೀರ್ವಾದಗಳು.

ಕ್ಯಾಸೆಟ್ಟನ್ನು ಬೇರೆಯಾಗಿ ರಿಜಿಸ್ಟರ್ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಎಷ್ಟು ಸಲ ಬೇಕಾದರೂ ಎಣಿಸು.

ನಿನ್ನ ಫರ್ಶಿ ಕಲ್ಲಿನ ಉದಾಹರಣೆಯನ್ನು ಹೋಟೆಲಿನಲ್ಲಿ ಓದಿ ಹೇಳಿದೆ. ಚೆನ್ನಾಗಿದೆ ಅಂದರು, ಒಪ್ಪಲಿಲ್ಲ. ಕಲ್ಲು ಹೊರುವವನಿಗೆ ಕೈ ಬೆವರುತ್ತದೆ, ಕಂಬಕ್ಕೆ ಏನಾಗಬೇಕು? ತಾನಾಗಿ ಅದು ಯಾಕೆ ಜಾರಬೇಕು? ಈ ಪ್ರಶ್ನೆಗೆ ನಿನ್ನ ಕಾಗದದಲ್ಲಿ ಉತ್ತರವಿಲ್ಲ. ಮತ್ತೆ, ಕಟ್ಟಡ ಬಿದ್ದ ಮೇಲೆ ಜಿಲೆಟಿನ್ ವಾಸನೆ ಬಂತು ಎನ್ನುವವರು ಹತ್ತು ಮಂದಿ ಇದ್ದಾರೆ. ಅದು ಸಾಧಾರಣ ಕಟ್ಟಡವೂ ಅಲ್ಲ. ಕಂಬಗಳಿಗೆ ಒಳ್ಳೆಯ ಕಬ್ಬಿಣ ಹಾಕಿದ್ದರು, ಸಿಮೆಂಟಿನಲ್ಲಿ ಜಿಪುಣತನ ಮಾಡಿರಲಿಲ್ಲ. ಇದು ನನಗೆ ಖಚಿತವಾಗಿ ಗೊತ್ತು. ಹೇಗೆ ಗೊತ್ತು ಎಂಬುದು ಇಲ್ಲಿ ಮುಖ್ಯವಲ್ಲ.

ಅಪರಾಧಿ ಅನ್ನುವುದು ನನ್ನ ಕೆಲಸವಲ್ಲ, ಲೆಕ್ಕ ಹೇಳುವುದಷ್ಟೇ ನನ್ನ ಕೆಲಸ. ಲೆಕ್ಕಕ್ಕೆ ಯಾರ ಮೇಲೂ ಸಿಟ್ಟಿಲ್ಲ.

ಮಳೆ ಚೆನ್ನಾಗಿ ಹಿಡಿದಿದೆ. ದಂಡೋತಿಯಲ್ಲಿ ನಿಮ್ಮ ಅಪ್ಪ ತೊಗರಿ ಬಿತ್ತಿದ್ದಾರಂತೆ, ಸಂತೆಯಲ್ಲಿ ಸಿಕ್ಕಿದ್ದರು. ಕೌಸ್ತುಭ ಕೆಲಸದ ಮೇಲೆ ಸೇಡಂನಲ್ಲಿ ಅವನ ಅತ್ತೆಯ ಮನೆಯಲ್ಲಿದ್ದಾನೆ.

ಪಾಂಡುರಂಗ ಜೋಶಿ


ನಾಗಪುರ
೨೪ ಜುಲೈ ೨೦೦೨

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ಕ್ಯಾಸೆಟ್ಟು ಬಂತು. ನಮ್ಮ ಪ್ರಯೋಗಾಲಯದ ಮೂವರು ಬೇರೆ ಬೇರೆ ಕುಳಿತು ಎಣಿಸಿದೆವು. ನೀವು ಎಣಿಸಿದ ನಲವತ್ತೆರಡು ಸರಿಯಾಗಿಯೇ ಇದೆ. ಹನ್ನೆರಡು ಮೀಟರ್ ಎಂಬುದು ತಪ್ಪು.

ನಲವತ್ತೆರಡನೆಯ ಫ್ರೇಮಿನಲ್ಲಿ ಛಾವಣಿಯ ಅಂಚು ನೆಲಕ್ಕೆ ಬಂದಿಲ್ಲ ಸರ್. ಅದು ಮೊದಲ ಅಂತಸ್ತಿನ ಸಜ್ಜೆಯ, ಅಂಗಡಿಗಳ ಮೇಲೆ ಚಾಚಿದ ಮರೆಯ, ಮಟ್ಟಕ್ಕೆ ಬಂದು ದೂಳಿನಲ್ಲಿ ಮುಳುಗುತ್ತದೆ. ಮುಂದೆ ಏನೂ ಕಾಣುವುದಿಲ್ಲ. ನಿಮಗೆ ಕಾಣದ್ದನ್ನು ನೀವು ಮುಗಿದುಹೋಯಿತು ಎಂದು ಎಣಿಸಿದ್ದೀರಿ. ಸಜ್ಜೆ ನೆಲದಿಂದ ನಾಲ್ಕೂವರೆ ಮೀಟರ್ ಮೇಲಿದೆ. ಆದ್ದರಿಂದ ಛಾವಣಿ ಬಿದ್ದ ದೂರ ಏಳೂವರೆ ಮೀಟರ್ ಮಾತ್ರ. ಕಾಲ ೧.೬೮ ಸೆಕೆಂಡು. ದೂರದ ಎರಡು ಪಟ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ವೇಗೋತ್ಕರ್ಷ ೫.೩. ಸುಮ್ಮನೆ ಬೀಳುವ ಕಲ್ಲಿಗೆ ೯.೮ ಇರಬೇಕಿತ್ತು.

ವೇಗೋತ್ಕರ್ಷದಲ್ಲಿ ಕಡಿಮೆಯಾದ ನಾಲ್ಕೂವರೆ ಎಲ್ಲಿ ಹೋಯಿತು? ಕಂಬಗಳು ತಿಂದವು. ಅವು ಕೊನೆಯವರೆಗೂ ತಡೆದಿವೆ, ಸಾಲಲಿಲ್ಲ ಅಷ್ಟೆ. ಬೇಕಾದರೆ ಇಪ್ಪತ್ತೊಂದನೆಯ ಫ್ರೇಮು ನಿಲ್ಲಿಸಿ ನೋಡಿ. ಅರ್ಧ ಸಮಯ ಕಳೆದಿದೆ, ಛಾವಣಿ ಎರಡು ಮೀಟರ್ ಕೂಡ ಇಳಿದಿಲ್ಲ. ತಡೆಯೇ ಇಲ್ಲದೆ ಬಿದ್ದಿದ್ದರೆ ಮೂರೂವರೆ ಇಳಿಯಬೇಕಿತ್ತು. ಟಿವಿಯ ಗಾಜಿಗೆ ಟ್ರೇಸಿಂಗ್ ಕಾಗದ ಅಂಟಿಸಿ ಗುರುತು ಹಾಕಿದರೆ ನಿಮಗೇ ಕಾಣುತ್ತದೆ.

ಇನ್ನು, ಕಂಬ ಯಾಕೆ ಜಾರಬೇಕು ಎಂದು ಕೇಳಿದ್ದಿರಿ. ಮೆರವಣಿಗೆ ಕಟ್ಟಡದ ಮುಂದೆ ಬರುವಾಗ ನೆಲದಂತಸ್ತಿನ ಅಂಗಡಿಗಳ ಒಳಗು ಎರಡು ಸೆಕೆಂಡು ಕಾಣುತ್ತದೆ. ಸಾಲಿನಲ್ಲಿ ಐದು ಕಂಬ ಇರಬೇಕಾದಲ್ಲಿ ನಾಲ್ಕಿವೆ. ನಡುವಿನ ಕಂಬದ ಜಾಗದಲ್ಲಿ ನಾಲ್ಕು ಕಬ್ಬಿಣದ ಪೈಪುಗಳನ್ನು ಆನಿಸಿದ್ದಾರೆ. ಅದನ್ನು ಜಿಲೆಟಿನ್ ತೆಗೆದಿಲ್ಲ ಸರ್, ಸುತ್ತಿಗೆ ಉಳಿ ತೆಗೆದಿವೆ.

ಕಬ್ಬಿಣ ಒಳ್ಳೆಯದಿತ್ತು ಎಂದು ನಿಮಗೆ ಹೇಳಿದವರು ಯಾರು? ಇದು ನನಗೆ ಮುಖ್ಯ.

ಲುಂಬಿನಿ


ನಾಗಪುರ
೯ ಸೆಪ್ಟೆಂಬರ್ ೨೦೦೨

ಸರ್ ಅವರಿಗೆ,

ನನ್ನ ಕಾಗದಕ್ಕೆ ಆರು ವಾರವಾದರೂ ನಿಮ್ಮಿಂದ ಉತ್ತರ ಬರಲಿಲ್ಲ. ಹೋದ ವಾರ ರಜೆ ಹಾಕಿ, ಸಿಕಂದರಾಬಾದಿನಲ್ಲಿ ಗಾಡಿ ಬದಲಿಸಿ ವಾಡಿಗೆ ಬಂದಿದ್ದೆ. ಅಪ್ಪ ಸ್ಟೇಷನ್ನಿಗೆ ಬಂದು ಅಲ್ಲಿಂದಲೇ ನನ್ನನ್ನು ರಾವೂರಿಗೆ ಕರೆದೊಯ್ದರು. ಮರುದಿನ ಚಿತ್ತಾಪುರದ ಮೇಲೆಯೇ ದಂಡೋತಿಗೆ ಹೋದೆ. ನಿಮ್ಮ ಓಣಿಯ ಮುಂದೆ ಬಸ್ಸು ನಿಂತಿತ್ತು. ಇಳಿಯಲಿಲ್ಲ.

ಅಲ್ಲಾವುದ್ದೀನ ಅವರ ಹೆಂಡತಿ ತಾಜುನ್ನಿಸಾ ನನ್ನನ್ನು ಒಳಗೆ ಕರೆದು ಕೂಡಿಸಿದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನೀ ಭಗವಂತಣ್ಣನ ಮಗಳು ಹೌದಿಲ್ಲ? ಜೋಶಿ ಮಾಸ್ತರ ಬರೆದುಕೊಟ್ಟ ಕಾಗದದ ಮ್ಯಾಲೇ ನಮ್ಮವರನ್ನ ಒಳಗ ಇಟ್ಟಾರವ್ವಾ. ಹುಡುಗರಿಗೆ ಲೆಕ್ಕ ಕಲಿಸಿದವರು, ಸುಳ್ಳ ಬರೀತಾರೇನು ಅಂದ್ರು ಠಾಣೆ ಸಾಹೇಬ್ರು. ನಾ ಏನ್ ಹೇಳಲಿ? ನಾ ಸಾಲಿ ಕಲ್ತಾಕಿ ಅಲ್ಲ."

ಅಂಥದೊಂದು ಕಾಗದ ನೀವು ಬರೆದುಕೊಟ್ಟದ್ದು ನನಗೆ ತಿಳಿದಿರಲಿಲ್ಲ. ಅವರ ವಕೀಲರು ಅದರ ನಕಲು ತೋರಿಸಿದರು. ನಿಮ್ಮದೇ ಗುಂಡು ಅಕ್ಷರ, ಕೆಳಗೆ ನಿಮ್ಮ ಸಹಿ, ತಾರೀಖು ಮೇ ಇಪ್ಪತ್ತು. ನನಗೆ ಮೊದಲ ಕಾಗದ ಬರೆಯುವ ಮುಂಚೆಯೇ ನೀವು ತೀರ್ಪು ಕೊಟ್ಟಾಗಿತ್ತು. ಕಾಂಪ್ಲೆಕ್ಸಿನ ಸೂಪರ್‌ವೈಸರ್ ಯಾರೆಂಬುದೂ ಅದೇ ಕಡತದಲ್ಲಿದೆ. ಕೌಸ್ತುಭ ಪಾಂಡುರಂಗ ಜೋಶಿ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಜುಲೈಯಲ್ಲಿ ನಿಮಗೆ ಬರೆದ ಲೆಕ್ಕಕ್ಕೆ ಜಿಲೆಟಿನ್ ವಾಸನೆಯ ಬಗ್ಗೆ ನಾಲ್ಕು ಸಾಲು ಸೇರಿಸಿ ವರದಿ ಮಾಡಿ ಅಲ್ಲಾವುದ್ದೀನ ಅವರ ವಕೀಲರಿಗೆ ಕೊಟ್ಟಿದ್ದೇನೆ. ಅಪ್ಪ ಕೇಳಿಕೊಂಡಿದ್ದರು. ನೀವು ನೊಂದುಕೊಳ್ಳುತ್ತೀರಿ ಎಂದು ಹೇಳಲಿಲ್ಲ. ಈಗ ಆ ಹಿಂಜರಿಕೆ ಉಳಿದಿಲ್ಲ. ಮಗನನ್ನು ಉಳಿಸಿಕೊಳ್ಳಲು ನ್ಯೂಟನ್ನನನ್ನು ಸುಳ್ಳುಸಾಕ್ಷಿಗೆ ಎಳೆದಿರಿ. ನಿಮ್ಮಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಲುಂಬಿನಿ


ಚಿತ್ತಾಪುರ
೨೯ ಸೆಪ್ಟೆಂಬರ್ ೨೦೦೨

ಚಿ. ಲುಂಬಿನಿಗೆ,

ಆಗಸ್ಟ್ ತಿಂಗಳಿಡೀ ನಾನು ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಟ್ರೇಸಿಂಗ್ ಕಾಗದ ತಂದು ಖಾಜಾನ ಟಿವಿಗೆ ಅಂಟಿಸಿ ಮೂರು ಸಲ ಗುರುತು ಹಾಕಿದೆ. ಮೂರು ಸಲವೂ ಐದು ಚಿಲ್ಲರೆಯೇ ಬಂತು. ನಾಲ್ಕನೆಯ ಸಲ ಬೇರೆ ಬರಬಹುದೆಂದು ಇನ್ನೊಂದು ಟಿವಿಯಲ್ಲಿ ನೋಡಿದೆ. ಮೂವತ್ತೊಂದು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ತನ್ನ ತಪ್ಪಿನ ಕೆಳಗೆ ಎಳೆಯಲು ಐದು ವಾರ ಬೇಕಾಯಿತು.

ನೀನು ಬರೆದದ್ದರಲ್ಲಿ ಒಂದು ಮಾತು ಸುಳ್ಳು. ಮಗನನ್ನು ಉಳಿಸಲು ನಾನು ಲೆಕ್ಕ ಬಾಗಿಸಲಿಲ್ಲ. ಅವನು ಅಲ್ಲಿ ಕೆಲಸಕ್ಕಿದ್ದ ಎಂಬುದನ್ನು ನಿನಗೆ ಹೇಳಲಿಲ್ಲ, ಅದು ನಿಜ. ಹೇಳಿದರೆ ನೀನು ಲೆಕ್ಕ ಬಿಟ್ಟು ನನ್ನ ಮುಖ ನೋಡುತ್ತೀ ಎಂದು ಹೆದರಿದೆ. ಕಂಬ ತೆಗೆದದ್ದು ನನಗೆ ಗೊತ್ತಿರಲಿಲ್ಲ. ನಿನ್ನ ಜುಲೈ ಕಾಗದದಿಂದಲೇ ತಿಳಿದದ್ದು. ತಿಳಿದ ಮೇಲೂ ಕೇಳಲು ಧೈರ್ಯವಾಗದೆ ಫ್ರೇಮು ಎಣಿಸುತ್ತ ಕುಳಿತೆ.

ನಿನ್ನ ಸೆಪ್ಟೆಂಬರಿನ ಕಾಗದ ಬಂದ ದಿನ ಸೇಡಂ ಬಸ್ಸು ಹತ್ತಿದೆ. ಕೌಸ್ತುಭ ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದ. ನಡುಗಂಬ ಏನಾಯಿತು ಎಂದು ಕೇಳಿದೆ. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ.

"ಶಟರ್ ಅಗಲ ಆಗಬೇಕು, ಕಂಬ ಅಡ್ಡ ಬರ್ಲಿಕತ್ತದ ಅಂದ್ರು ಕಾಂಪ್ಲೆಕ್ಸ್ ಕಟ್ಟಸೋ ಸೇಠರು. ಎಂಟು ದಿನ ತಡೀರಿ, ಮ್ಯಾಲ ಕಬ್ಬಿಣದ ಗರ್ಡರ್ ಹಾಕಿ ತೆಗೀಮು ಅಂದೆ. ತಡೀಲಿಲ್ಲ."

"ನಿಂತು ತೆಗಿಸಿದವರು ಯಾರು?"

"ನಾನೇ. ಪೈಪ್ ಆನಿಸಿದ್ದೆ. ತಡೀತಾವು ಅನಿಸಿತ್ತು."

"ಮತ್ತ ನನ್ನ ಮುಂದ ಧಡ್ ಅಂತ ಸಪ್ಪಳ ಬಂತು ಅಂದಿದ್ದಿ."

"ಬಂದಿತ್ತು ಅಪ್ಪಾ. ಪೈಪ್ ಕಿತ್ತು ಸಿಡಿದ ಸಪ್ಪಳ ಅದು. ಅದಕ್ಕ ಜಿಲೆಟಿನ್ ಅಂದವರು ನೀವು. ನಾ ಅಲ್ಲ ಅನ್ಲಿಲ್ಲ, ಅಷ್ಟೇ."

ಲುಂಬಿನಿ, ಈ ಮಾತನ್ನು ನಾನು ನಿನ್ನಿಂದಲೂ ಮುಚ್ಚಿಡಬಹುದಿತ್ತು. ಅವನ ಒಂದು ಸಪ್ಪಳಕ್ಕೆ ನಾನು ಹೆಸರು ಕೊಟ್ಟೆ. ಆ ಹೆಸರಿಗೆ ಸರಿಯಾಗಿ ಒಂದು ಲೆಕ್ಕ ಕಟ್ಟಿದೆ. ಆ ಲೆಕ್ಕಕ್ಕೆ ಸರಿಯಾಗಿ ಊರು ಒಬ್ಬ ಮನುಷ್ಯನನ್ನು ಹುಡುಕಿಕೊಂಡಿತು.

ರಾತ್ರಿ ಅಲ್ಲೇ ಉಳಿದೆ. ಅವನಿಗೆ ಉಪದೇಶ ಮಾಡಲಿಲ್ಲ. ನಾಳೆ ನಾನು ಬರೆದುಕೊಟ್ಟದ್ದನ್ನು ವಾಪಸು ಪಡೆಯಲು ಹೋಗುತ್ತೇನೆ, ಹೋದರೆ ಅವರು ಕಂಬದ ವಿಷಯ ಕೇಳುತ್ತಾರೆ ಎಂದಷ್ಟೇ ಹೇಳಿದೆ. ಬೆಳಗ್ಗೆ ನಾನು ಬಸ್‌ಸ್ಟ್ಯಾಂಡಿಗೆ ಹೊರಟಾಗ ಅವನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಶಹಾಬಾದದಲ್ಲಿ ಇಳಿದು ಇಬ್ಬರೂ ಠಾಣೆಗೆ ಹೋದೆವು. ಅಲ್ಲಿ ಮೊದಲು ನಾನು ಬರೆದುಕೊಟ್ಟೆ, ಆಮೇಲೆ ಅವನು. ಸೇಠರ ಹೆಸರನ್ನೂ ಹೇಳಿದ, ತನ್ನ ಹೆಸರನ್ನೂ. ಅವನನ್ನು ಅಲ್ಲಿಯೇ ಇಟ್ಟುಕೊಂಡರು.

ನಿನ್ನ ಸರಸ್ವತಿಬಾಯಿ ಅಮ್ಮನವರು ನನ್ನ ಹತ್ತಿರ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ "ಆ ಚಿಂಚೋಳಿ ಗಂಡ ಹೆಂಡತಿಗೂ ಅವ್ವ ಅಪ್ಪ ಇದ್ದಿರಬೇಕಲ್ಲಾ" ಎಂದು ತಾವೇ ಅಂದು ಒಲೆ ಹಚ್ಚಿದರು.

ಪಾಂಡುರಂಗ ಜೋಶಿ


ನಾಗಪುರ
೧೧ ಅಕ್ಟೋಬರ್ ೨೦೦೨

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ನಿಂತಲ್ಲೇ ಓದಿದೆ. ನ್ಯೂಟನ್ನನ ಮಾತು ನಾನು ಬರೆಯಬಾರದಿತ್ತು. ನೀವು ದೂಳಿನ ಹಿಂದೆ ಕಾಣದ್ದನ್ನು ಊಹಿಸಿದಿರಿ, ನಾನು ಆರು ವಾರದ ಮೌನದ ಹಿಂದೆ ಊಹಿಸಿದೆ. ಕ್ಷಮಿಸಿರಿ.

ಆದರೆ ನನ್ನ ವರದಿಯಲ್ಲಿ ಒಂದು ಸಾಲನ್ನೂ ಮೆತ್ತಗೆ ಮಾಡುವುದಿಲ್ಲ. ಕೌಸ್ತುಭ ಎಂಟು ದಿನದ ಸಮಯ ಕೇಳಿದ್ದ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಪೈಪು ಆ ಭಾರದ ಮೂರನೆಯ ಒಂದು ಪಾಲನ್ನೂ ಹೊರುವಂತಿರಲಿಲ್ಲ, ಅದನ್ನು ನಾನು ಬರೆದೇ ಬರೆಯುತ್ತೇನೆ. ನೀವು ಬೇಡ ಅನ್ನುವುದಿಲ್ಲ ಎಂದು ಗೊತ್ತು.

ಅಲ್ಲಾವುದ್ದೀನ ಅವರಿಗೆ ಜಾಮೀನು ಸಿಕ್ಕಿದೆಯಂತೆ. ಅಪ್ಪ ಫೋನು ಮಾಡಿದ್ದರು.

ನಿಮ್ಮ ವಿದ್ಯಾರ್ಥಿನಿ
ಲುಂಬಿನಿ


ಚಿತ್ತಾಪುರ
೨೨ ಡಿಸೆಂಬರ್ ೨೦೦೨

ಚಿ. ಲುಂಬಿನಿಗೆ ಅನೇಕ ಆಶೀರ್ವಾದಗಳು.

ಅಲ್ಲಾವುದ್ದೀನ ಅವರ ಮೇಲಿನ ಆರೋಪವನ್ನು ಪೂರ್ತಿ ಕೈಬಿಟ್ಟರು. ಸೇಠರ ಮೇಲೂ ಕೌಸ್ತುಭನ ಮೇಲೂ ಮೊಕದ್ದಮೆ ನಡೆಯುತ್ತದೆ. ಅವನು ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಹೋದ ವಾರ ಒಬ್ಬನೇ ಚಿಂಚೋಳಿಗೆ, ತೀರಿಕೊಂಡವರ ಮನೆಗೆ, ಹೋಗಿ ಬಂದ. ಮನೆಗೆ ಬಂದು ಊಟ ಮಾಡಿದ.

ಹೋಟೆಲಿನಲ್ಲಿ ನನ್ನ ತಪ್ಪನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಏಳೂವರೆ ಮೀಟರ್, ಐದು ಪಾಯಿಂಟ್ ಮೂರು, ಎಲ್ಲ. ಶೌಕತ ಅಲಿ ಪೂರ್ತಿ ಕೇಳಿ "ಸರ್‌ನ ಯಾರೋ ಹೆದರಿಸ್ಯಾರ ನೋಡ್ರಿ" ಅಂದ. ಅಮೆರಿಕದ ಕಾಗದದ ಕಟ್ಟು ಈಗ ಅವನ ಕೈಯಲ್ಲಿದೆ. ನಾನು ಬಿಡುವುದಿಲ್ಲ. ದಿನಾ ಹೋಗುತ್ತೇನೆ, ದಿನಾ ಬರೆಯುತ್ತೇನೆ. ಮೂರು ಮಂದಿ ಈಗಾಗಲೇ ತಾವೇ ಭಾಗಾಕಾರ ಮಾಡಿ ನೋಡಿದ್ದಾರೆ.

ಮೊನ್ನೆ ರಾವೂರಿಗೆ ಹೋಗಿದ್ದೆ. ಹೋಗಲು ಎರಡು ತಿಂಗಳು ತಡಮಾಡಿದೆ ಎಂಬುದನ್ನೂ ಬರೆದುಬಿಡುತ್ತೇನೆ. ತಾಜುನ್ನಿಸಾ ಬಾಗಿಲು ತೆಗೆದು, ನನ್ನನ್ನು ನೋಡಿ, ಒಳಗೆ ಹೋದರು. ಅಲ್ಲಾವುದ್ದೀನ ಹೊರಗೆ ಬಂದರು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು, ಎಡಕಿವಿ ಮಂದ. ಐದು ತಿಂಗಳು ಒಳಗಿದ್ದವರು. ಸುರಂಗ ಹಾರಿಸುವ ಕೆಲಸಕ್ಕೆ ಅವರನ್ನು ಇನ್ನೂ ವಾಪಸು ಕರೆದಿಲ್ಲ.

ನನ್ನ ತಪ್ಪನ್ನು ಹೇಳಿದೆ. ಲೆಕ್ಕ ಹೇಗೆ ತಪ್ಪಿತು ಎಂದು ವಿವರಿಸಲು ಹೋದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಮಾಸ್ತರ್ರೇ, ಆ ಕ್ಯಾಸೆಟ್ಟಿನಾಗ ಮದುಮಗ ಕುಂತ ಕುದುರಿ ಅದ ಅಂತಲ್ರಿ. ಅದು ಯಾವಾಗ ಬೆದರ್ತು? ಕಟ್ಟಡ ಜರಿಯೋಕಿಂತ ಮೊದಲೋ, ಜರಿಲಿಕ್ಕತ್ತಿದ ಮ್ಯಾಲೋ?"

ನಾನು ನೆನಪು ಮಾಡಿಕೊಂಡೆ. ಛಾವಣಿ ಅರ್ಧ ಇಳಿಯುವವರೆಗೆ ಕುದುರೆ ತಲೆ ತಗ್ಗಿಸಿ ನಿಂತಿದೆ ಎಂದೆ.

"ಕಂಬಕ್ಕ ಜಿಲೆಟಿನ್ ಕಟ್ಟಿ ಹಾರಿಸಿದ್ದರ, ಮೊದಲು ಕುದುರಿ ಓಡ್ತಿತ್ತು, ಆಮ್ಯಾಲ ಎದುರಿನ ಅಂಗಡಿ ಗಾಜು ಒಡೀತಿದ್ವು, ಆಮ್ಯಾಲ ಕಟ್ಟಡ. ಇಪ್ಪತ್ತೆರಡು ವರ್ಷ ಹಾರಿಸೀನ್ರಿ. ನನ್ನ ಹಿಡಿದವರು ಕೇಳಲಿಲ್ಲ, ವಕೀಲರು ಕೇಳಲಿಲ್ಲ, ನೀವೂ ಕೇಳಲಿಲ್ಲ. ಆ ಹುಡುಗಿ ಭಾಳ ಛಲೋ, ನಾಗಪುರದಿಂದ ಬಂದ್ಲು, ನಮ್ಮ ಮನ್ಯಾಗ ಕುಂತ್ಲು. ಆಕಿನೂ ಕೇಳಲಿಲ್ಲ."

ಲುಂಬಿನಿ, ನಾನೂ ನೀನೂ ಒಂದೊಂದು ಫ್ರೇಮಿಗೆ ಬಡಿದಾಡಿದೆವು. ಜಿಲೆಟಿನ್ ಎಂದರೆ ಏನೆಂದು ಕೈಯಾರೆ ಬಲ್ಲವರು ಒಬ್ಬರೇ ಇದ್ದರು. ಅವರನ್ನು ನಾನು ಆರೋಪಿ ಎಂದು ನೋಡಿದೆ, ನೀನು ಅನ್ಯಾಯಕ್ಕೊಳಗಾದವರು ಎಂದು ನೋಡಿದೆ. ಬಲ್ಲವರು ಎಂದು ಇಬ್ಬರೂ ನೋಡಲಿಲ್ಲ.

"ಈಗ ಕೇಳ್ತೀನ್ರಿ, ಹೇಳ್ರಿ" ಅಂದೆ. ಅವರು ಚಾಪೆ ಹಾಸಿ "ಕುಂದ್ರಿ" ಅಂದರು. ಚಾಪೆಯ ಮೇಲೆ ಕುಳಿತು ಮಧ್ಯಾಹ್ನದವರೆಗೆ ಬರೆದುಕೊಂಡೆ. ನಡುವೆ ತಾಜುನ್ನಿಸಾ ಎರಡು ಸಲ ಚಹಾ ತಂದಿಟ್ಟರು.

ಆರು ಪುಟವಾಗಿದೆ. ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಮೂರನೆಯ ಪುಟದಲ್ಲಿ, ವಕೀಲರು ಓದಿ ಹೇಳಿದ ನಿನ್ನ ವರದಿಯ ಒಂದು ತಪ್ಪನ್ನು ಅವರು ಹಿಡಿದಿದ್ದಾರೆ. ಜಿಲೆಟಿನ್ನಿನ ಗುರುತು ಅರ್ಧ ಗಂಟೆಯಲ್ಲಿ ಹೋಗಿಬಿಡುತ್ತದೆ ಎಂದು ನೀನು ಬರೆದಿದ್ದೀ. ವಾಸನೆ ಹೋಗುತ್ತದೆ, ತಲೆನೋವು ಹೋಗುವುದಿಲ್ಲ. ಅದರ ಹೊಗೆ ಕುಡಿದವನ ತಲೆ ಸಂಜೆಯವರೆಗೆ ಸಿಡಿಯುತ್ತದಂತೆ. ಆ ದಿನ ಬಿದ್ದ ಕಟ್ಟಡದ ಕಲ್ಲು ಎತ್ತಿದವರನ್ನು ಕೇಳಿರಿ ಅಂದರು. ವಾಪಸು ಬರುತ್ತ ಶಹಾಬಾದದಲ್ಲಿ ಇಳಿದು ಹನ್ನೊಂದು ಮಂದಿಯನ್ನು ಕೇಳಿದೆ. ಒಬ್ಬನಿಗೂ ತಲೆನೋವು ಬಂದಿರಲಿಲ್ಲ. ವಾಸನೆ ಬಂತು ಅಂದವರಲ್ಲಿ ಇಬ್ಬರು ಅವರಲ್ಲಿದ್ದರು.

ವರದಿಯನ್ನು ತಿದ್ದು. ತಿದ್ದಿದ ಕಡೆ ಅವರ ಹೆಸರು ಹಾಕು, ಪೂರ್ತಿ ಹೆಸರು, ಕೆಲಸ ಸಹಿತ.

ಪಾಂಡುರಂಗ ಜೋಶಿ